ಮನೆಯಲ್ಲೇ ಕಟ್ಟಿದ ವಿಮಾನ ಲೀಟರ್‌ಗೆ ಎಷ್ಟು ಕೊಡುತ್ತೆ?



ನಮ್ಮ ಕಡೆ ಯಾರಾದ್ರೂ ಹೊಸ ಬೈಕ್ ತಂದು ಮನೆ ಮುಂದೆ ನಿಲ್ಲಿಸಿದ್ರೆ, ಚಕ್ರದ ಕೆಳಗಿನ ನಿಂಬೆಹಣ್ಣು ಒಡೆಯೋಕೆ ಮುಂಚೆನೇ ಒಂದು ಪ್ರಶ್ನೆ ಬರುತ್ತೆ: "ಎಷ್ಟು ಕೊಡುತ್ತೆ?" ಬಣ್ಣ ಆಮೇಲೆ, ಬೆಲೆ ಆಮೇಲೆ. ಮೊದಲು ಮೈಲೇಜ್. ಕಂಪನಿಯವರು ಅರವತ್ತು ಅಂತಾರೆ, ಶೋರೂಮ್‌ನವರು ಐವತ್ತೈದು ಅಂತಾರೆ, ಪಕ್ಕದ ಮನೆಯವರು "ನಲವತ್ತೈದು ಬಂದ್ರೆ ಪುಣ್ಯ" ಅಂತಾರೆ. ಕೊನೆಗೆ ನಾವೇ ಟ್ಯಾಂಕ್ ಫುಲ್ ಮಾಡಿಸಿ, ಓಡಿಸಿ, ಮತ್ತೆ ಫುಲ್ ಮಾಡಿಸಿ ಲೆಕ್ಕ ಹಾಕ್ತೀವಿ.

ಇದೇ ಪ್ರಶ್ನೆಯನ್ನ ಒಂದು ವಿಮಾನಕ್ಕೆ ಕೇಳಿದ್ರೆ? ಅದೂ ಕಾರ್ಖಾನೆಯಿಂದ ಬಂದದ್ದಲ್ಲ. ಒಬ್ಬ ಮನುಷ್ಯ ತನ್ನ ಗ್ಯಾರೇಜ್‌ನಲ್ಲಿ, ಭಾನುವಾರಗಳಲ್ಲಿ, ವರ್ಷಗಟ್ಟಲೆ ಕೂತು ಕಟ್ಟಿದ ಎರಡು ಸೀಟಿನ ವಿಮಾನ. ಇವತ್ತಿನ ಮಾತು ಅದರ ಬಗ್ಗೆ.

ನಾನು ಪೈಲಟ್ ಅಲ್ಲ. ಬಿ.ಕಾಂ. ಓದಿದವಳು. ಈ ವಿಷಯ ನನ್ನನ್ನ ಹಿಡಿದದ್ದು ರೆಕ್ಕೆಯಿಂದಲ್ಲ, ಲೆಕ್ಕದಿಂದ. ವಿಮಾನ ಹಾರಿಸೋರು ವೇಗ ಮತ್ತು ಇಂಧನವನ್ನ ಹೇಗೆ ಅಳೀತಾರೆ ಅಂತ ಓದ್ತಾ ಹೋದ್ರೆ, ಅದು ಒಳ್ಳೆ ಆಡಿಟ್ ಥರ ಇದೆ. ಖಾತೆಯಲ್ಲಿ ಬರೆದಿದೆ ಅಂತ ನಂಬೋ ಹಾಗಿಲ್ಲ, ಗೋದಾಮಿಗೆ ಹೋಗಿ ಚೀಲ ಎಣಿಸಬೇಕು.

ಮೊದಲು ಹಿನ್ನೆಲೆ. ಅಮೆರಿಕದಲ್ಲಿ ಇದು ದೊಡ್ಡ ಹವ್ಯಾಸ. 1953ರಲ್ಲಿ ಪಾಲ್ ಪೊಬೆರೆಜ್ನಿ ಅನ್ನೋರು ಎಕ್ಸ್‌ಪೆರಿಮೆಂಟಲ್ ಏರ್‌ಕ್ರಾಫ್ಟ್ ಅಸೋಸಿಯೇಷನ್ ಶುರು ಮಾಡಿದ್ರು. ಈಗ ಪ್ರತಿ ಬೇಸಿಗೆಯಲ್ಲಿ ವಿಸ್ಕಾನ್ಸಿನ್ ರಾಜ್ಯದ ಆಷ್‌ಕಾಷ್ ಊರಲ್ಲಿ ಅವರದ್ದೊಂದು ಜಾತ್ರೆ ನಡೆಯುತ್ತೆ, ಸಾವಿರಾರು ವಿಮಾನ ಬಂದಿಳಿಯುತ್ತೆ. ಅಲ್ಲಿನ ಕಾನೂನಿನ ಪ್ರಕಾರ, ವಿಮಾನದ ಅರ್ಧಕ್ಕಿಂತ ಹೆಚ್ಚು ಕೆಲಸವನ್ನ ಹವ್ಯಾಸಿಗಳೇ ಮಾಡಿರಬೇಕು. ಕಿಟ್ ಕೊಂಡು ತರಬಹುದು, ಆದ್ರೆ ಜೋಡಿಸೋ ಬೆವರು ನಿಮ್ಮದೇ.

ಕಟ್ಟಿ ಮುಗಿದ ತಕ್ಷಣ ಹೆಂಡತಿ ಮಕ್ಕಳನ್ನ ಕೂರಿಸ್ಕೊಂಡು ಹೊರಡೋ ಹಾಗಿಲ್ಲ. ಸಾಮಾನ್ಯವಾಗಿ ಮೊದಲ 25 ಅಥವಾ 40 ಗಂಟೆ ಪರೀಕ್ಷಾ ಹಾರಾಟ. ನಿಗದಿ ಮಾಡಿದ ಪ್ರದೇಶದೊಳಗೇ ಹಾರಬೇಕು, ಜೊತೆಗೆ ಪ್ರಯಾಣಿಕರು ಇರಬಾರದು. ಈ ಗಂಟೆಗಳು ಬರೀ ಶಾಸ್ತ್ರಕ್ಕಲ್ಲ. ಕಾರ್ಖಾನೆ ವಿಮಾನ ಕೊಂಡ್ರೆ ಜೊತೆಗೊಂದು ಪುಸ್ತಕ ಬರುತ್ತೆ: ಇಷ್ಟು ಎತ್ತರದಲ್ಲಿ, ಇಷ್ಟು ಶಕ್ತಿಯಲ್ಲಿ, ಇಷ್ಟು ವೇಗ, ಗಂಟೆಗೆ ಇಷ್ಟು ಲೀಟರ್. ನೀವೇ ಕಟ್ಟಿದ ವಿಮಾನಕ್ಕೆ ಆ ಪುಸ್ತಕ ಇಲ್ಲ. ಅದನ್ನ ನೀವೇ ಬರೀಬೇಕು. ಅದೇ ನಕ್ಷೆಯಿಂದ ಇನ್ನೊಬ್ಬರು ಕಟ್ಟಿದ ವಿಮಾನದ ಅಂಕಿ ನಿಮಗೆ ಸರಿಹೊಂದಲ್ಲ. ಅವರ ಪ್ರೊಪೆಲ್ಲರ್ ಬೇರೆ, ಬಣ್ಣದ ತೂಕ ಬೇರೆ, ಬಾಗಿಲ ಸಂದು ಬೇರೆ.

ಸರಿ, ವೇಗದಿಂದ ಶುರು ಮಾಡೋಣ. ಮೀಟರ್ ನೋಡಿದ್ರೆ ಆಯ್ತಲ್ವಾ ಅಂತೀರಾ? ಆಗಲ್ಲ.

ವಿಮಾನದ ವೇಗದ ಮೀಟರ್‌ಗೂ ಚಕ್ರಕ್ಕೂ ಸಂಬಂಧ ಇಲ್ಲ. ಮುಂದಕ್ಕೆ ಚಾಚಿರೋ ಒಂದು ಸಣ್ಣ ಕೊಳವೆ ಇರುತ್ತೆ, ಪಿಟೊ ಟ್ಯೂಬ್ ಅಂತ. ಎದುರಿಂದ ನುಗ್ಗೋ ಗಾಳಿಯ ಒತ್ತಡ ಅದರಲ್ಲಿ ಸಿಗುತ್ತೆ. ವಿಮಾನದ ಮೈಯ ಪಕ್ಕದಲ್ಲಿ ಇನ್ನೊಂದು ಸಣ್ಣ ತೂತು ಇರುತ್ತೆ, ಸ್ಟ್ಯಾಟಿಕ್ ಪೋರ್ಟ್. ಅಲ್ಲಿ ಸುತ್ತಲಿನ ಗಾಳಿಯ ಒತ್ತಡ ಸಿಗುತ್ತೆ. ಇವೆರಡರ ವ್ಯತ್ಯಾಸವನ್ನೇ ಮೀಟರ್ ವೇಗ ಅಂತ ತೋರಿಸುತ್ತೆ.

ಇಲ್ಲಿ ಎರಡು ತೊಡಕು. ಒಂದು, ಮೇಲೆ ಹೋದ ಹಾಗೆ ಗಾಳಿ ತೆಳುವಾಗುತ್ತೆ. ಎಂಟು ಸಾವಿರ ಅಡಿ ಎತ್ತರದಲ್ಲಿ, ಸಾಧಾರಣ ಹವೆಯಲ್ಲಿ, ನಿಜವಾದ ವೇಗ ಮೀಟರ್ ತೋರಿಸೋದಕ್ಕಿಂತ ಸುಮಾರು ಶೇ. 13ರಷ್ಟು ಹೆಚ್ಚಿರುತ್ತೆ. ಮೀಟರ್ 230 ಅಂದ್ರೆ ನಿಜ ಸುಮಾರು 260 ಕಿ.ಮೀ. ಇದನ್ನ ಎತ್ತರ, ಉಷ್ಣಾಂಶ ನೋಡಿ ಲೆಕ್ಕ ಹಾಕಬಹುದು. ಎರಡನೇದು ಕಷ್ಟದ್ದು. ಆ ಪಕ್ಕದ ತೂತು ಸ್ವಲ್ಪ ಆಚೀಚೆ ಆದ್ರೂ, ಅದರ ಅಂಚು ಸ್ವಲ್ಪ ಉಬ್ಬಿದ್ರೂ, ಒತ್ತಡ ತಪ್ಪಾಗಿ ಸಿಗುತ್ತೆ, ಮೀಟರ್ ತಪ್ಪು ಹೇಳುತ್ತೆ. ಕೆಲವು ಸಲ ಹೆಚ್ಚು, ಕೆಲವು ಸಲ ಕಡಿಮೆ. ಹೆಚ್ಚು ತೋರಿಸಿದ್ರೆ ಕಟ್ಟಿದವರಿಗೆ ಖುಷಿ, "ನೋಡಿ, ನನ್ನ ವಿಮಾನ ಎಷ್ಟು ಜೋರು!" ಹೊಗಳೋ ಮೀಟರನ್ನ ಅನುಮಾನಿಸೋಕೆ ಯಾರಿಗೂ ಮನಸ್ಸು ಬರಲ್ಲ. ಅಪಾಯ ಇರೋದೇ ಅಲ್ಲಿ.

ಹಾಗಾದ್ರೆ ಮೀಟರನ್ನ ಯಾವುದರ ಎದುರು ತಾಳೆ ನೋಡೋದು? ನಿಮ್ಮ ಜೇಬಲ್ಲೇ ಇದೆಯಲ್ಲ, ಜಿಪಿಎಸ್. ಆದ್ರೆ ಜಿಪಿಎಸ್ ಹೇಳೋದು ನೆಲದ ಮೇಲಿನ ವೇಗ. ವಿಮಾನ ಹಾರೋದು ಗಾಳಿಯಲ್ಲಿ, ಆ ಗಾಳಿನೇ ಚಲಿಸ್ತಾ ಇರುತ್ತೆ. ಹೊಳೆಯಲ್ಲಿ ತೆಪ್ಪ ಹೋದ ಹಾಗೆ, ಹರಿವಿನ ಜೊತೆ ಹೋದ್ರೆ ಬೇಗ, ಎದುರು ಹೋದ್ರೆ ನಿಧಾನ.

ಅದಕ್ಕೆ ಉಪಾಯ: ಗಾಳಿಯ ಜೊತೆ ಒಂದು ಸಲ, ಗಾಳಿಗೆ ಎದುರಾಗಿ ಒಂದು ಸಲ ಹಾರಿ ಸರಾಸರಿ ತಗೊಳ್ಳೋದು. ಕೇಳೋಕೆ ಸುಲಭ. ಆದ್ರೆ ಈ ಸರಾಸರಿ ಅನ್ನೋದರಲ್ಲೇ ಒಂದು ಗುಂಡಿ ಇದೆ.

ಒಂದು ಲೆಕ್ಕ ಕೊಡ್ತೀನಿ, ಮನಸ್ಸಲ್ಲೇ ಮಾಡಿ. ನೀವು ಬೈಕ್‌ನಲ್ಲಿ ನಂದಿಬೆಟ್ಟಕ್ಕೆ ಹೋಗ್ವಾಗ ಗಂಟೆಗೆ 60, ಅದೇ ದಾರಿಯಲ್ಲಿ ಬರ್ವಾಗ ಟ್ರಾಫಿಕ್‌ನಲ್ಲಿ ಗಂಟೆಗೆ 30. ಸರಾಸರಿ ಎಷ್ಟು? ನಲವತ್ತೈದು ಅಂದ್ರಾ? ಅಲ್ಲ, ನಲವತ್ತು. ಯಾಕಂದ್ರೆ ನಿಧಾನಕ್ಕೆ ಬಂದ ಹೊತ್ತೇ ಜಾಸ್ತಿ.

ಈಗ ವಿಮಾನ. ನಿಜವಾದ ವೇಗ 260, ಗಾಳಿ 40 ಅಂತಿಟ್ಕೊಳ್ಳಿ. ಗಾಳಿಯ ಜೊತೆ ಹೋದಾಗ ಜಿಪಿಎಸ್ 300 ಅನ್ನುತ್ತೆ, ಎದುರು ಬಂದಾಗ 220. ಈ ಎರಡು ವೇಗ ಕೂಡಿಸಿ ಭಾಗಿಸಿದ್ರೆ 260, ಸರಿಯಾದ ಉತ್ತರ. ಅದರ ಬದಲು ಎರಡು ಊರಿನ ನಡುವೆ ಹೋಗಿ ಬಂದು, ಒಟ್ಟು ದೂರವನ್ನ ಒಟ್ಟು ಸಮಯದಿಂದ ಭಾಗಿಸಿದ್ರೆ ಸಿಗೋದು 254. ವಿಮಾನ ಅದೇ, ಗಾಳಿ ಅದೇ, ಉತ್ತರ ಆರು ಕಿ.ಮೀ. ಕಡಿಮೆ. ಪ್ರವಾಸದ ಸಮಯ ಬೇಕಾದ್ರೆ ಎರಡನೇ ಲೆಕ್ಕ ಸರಿ. ವಿಮಾನದ ಗುಣ ತಿಳಿಬೇಕಾದ್ರೆ ಮೊದಲನೇದು. ಪ್ರಶ್ನೆ ಯಾವುದು ಅಂತ ಗೊತ್ತಿಲ್ಲದೆ ಸರಾಸರಿ ತೆಗೆಯೋ ಹಾಗಿಲ್ಲ.

ಗಾಳಿ ಸರಿಯಾಗಿ ಹಿಂದಿಂದಲೇ ಬೀಸಲಿ ಅಂತ ಕಾಯೋಕಾಗಲ್ಲ. ಅಡ್ಡಗಾಳಿ ಇದ್ದೇ ಇರುತ್ತೆ. ಅದಕ್ಕೆ ಪರೀಕ್ಷೆ ಮಾಡೋರು ಮೂರು ಬೇರೆ ಬೇರೆ ದಿಕ್ಕಿಗೆ ಹಾರ್ತಾರೆ. ಗೊತ್ತಿಲ್ಲದ ವಿಷಯ ಮೂರು: ವಿಮಾನದ ವೇಗ, ಗಾಳಿಯ ವೇಗ, ಗಾಳಿಯ ದಿಕ್ಕು. ಮೂರು ದಿಕ್ಕಿನ ಜಿಪಿಎಸ್ ಅಂಕಿ ಸಿಕ್ಕಿದ್ರೆ ಮೂರು ಸಮೀಕರಣ. ಒಂದು ಸ್ಪ್ರೆಡ್‌ಶೀಟ್‌ಗೆ ಹಾಕಿದ್ರೆ ಮೂರೂ ಹೊರಗೆ ಬರುತ್ತೆ. ಎಸ್‌ಎಸ್‌ಎಲ್‌ಸಿ ಗಣಿತದಲ್ಲಿ "ಇದೆಲ್ಲ ಎಲ್ಲಿ ಉಪಯೋಗಕ್ಕೆ ಬರುತ್ತೆ ಸಾರ್" ಅಂತ ಕೇಳಿದ್ವಲ್ಲ, ಇಲ್ಲಿ ಬರುತ್ತೆ.

ಹಾರೋದರಲ್ಲೂ ಶಿಸ್ತು ಬೇಕು. ಬೆಳಗಿನ ಜಾವ, ನೆಲ ಕಾಯೋಕೆ ಮುಂಚೆ, ಗಾಳಿ ನೆಮ್ಮದಿಯಾಗಿದ್ದಾಗ ಹೋಗಬೇಕು. ಬಿಸಿಲೇರಿದ ಮೇಲೆ ಗಾಳಿ ಮೇಲಕ್ಕೂ ಕೆಳಕ್ಕೂ ತಳ್ಳುತ್ತೆ, ಆಗ ತಗೊಂಡ ಅಂಕಿಗೆ ಬೆಲೆ ಇಲ್ಲ. ಒಂದೇ ಎತ್ತರದಲ್ಲಿ ನಿಲ್ಲಿಸಿ, ವೇಗ ಸ್ಥಿರವಾಗೋವರೆಗೂ ಕೆಲವು ನಿಮಿಷ ಕಾದು, ಆಮೇಲೆ ಬರ್ಕೋಬೇಕು. ಜೊತೆಗೆ ಎತ್ತರ, ಉಷ್ಣಾಂಶ, ಎಂಜಿನ್ ಆರ್‌ಪಿಎಂ, ವಿಮಾನದ ತೂಕ. ಇವೆಲ್ಲ ಇಲ್ಲದೆ "ನಂದು 300 ಹೋಗುತ್ತೆ" ಅಂದ್ರೆ ಅದು ಟೀ ಅಂಗಡಿ ಮಾತು, ಅಷ್ಟೇ.

ಈಗ ಇಂಧನ. ಇಲ್ಲಿ ನಮ್ಮ ಟ್ಯಾಂಕ್ ಟು ಟ್ಯಾಂಕ್ ವಿಧಾನವೇ ರಾಜ. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಗುರುತಿನವರೆಗೆ ತುಂಬಿಸಿ, ಹಾರಿ, ಬಂದು, ಅದೇ ಜಾಗದಲ್ಲಿ, ಅದೇ ಗುರುತಿನವರೆಗೆ ಮತ್ತೆ ತುಂಬಿಸೋದು. ಪಂಪ್ ಎಷ್ಟು ಹೇಳುತ್ತೋ ಅಷ್ಟು ಖರ್ಚು. ಈಗಿನ ವಿಮಾನಗಳಲ್ಲಿ ಪೈಪ್ ಒಳಗೆ ಸಣ್ಣ ಚಕ್ರ ತಿರುಗೋ ಫ್ಯೂಯಲ್ ಫ್ಲೋ ಸೆನ್ಸರ್ ಇರುತ್ತೆ, ಪರದೆ ಮೇಲೆ ಗಂಟೆಗೆ ಎಷ್ಟು ಲೀಟರ್ ಅಂತ ದಶಮಾಂಶ ಸಮೇತ ತೋರಿಸುತ್ತೆ. ದಶಮಾಂಶ ಕಂಡ ತಕ್ಷಣ ನಿಖರ ಅಂದ್ಕೋಬೇಡಿ. ಹಲವು ಸಲ ಪಂಪ್‌ನ ರಸೀದಿ ಜೊತೆ ಹೋಲಿಸಿ, ಸೆನ್ಸರ್‌ನ ಗುಣಾಂಕ ತಿದ್ದಿದ ಮೇಲೆಯೇ ಅದನ್ನ ನಂಬೋದು. ಟ್ಯಾಂಕ್‌ನಲ್ಲಿ ತಳ ಸೇರಿ, ಎಂಜಿನ್‌ಗೆ ತಲುಪದೆ ಉಳಿಯೋ ಇಂಧನ ಎಷ್ಟು ಅಂತಾನೂ ಅಳೆದು, ಅದನ್ನ ಲೆಕ್ಕದಿಂದ ಹೊರಗಿಡಬೇಕು. ಅದು ವಸೂಲಾಗದ ಸಾಲದ ಹಾಗೆ, ಪುಸ್ತಕದಲ್ಲಿರುತ್ತೆ, ಕೈಗೆ ಬರಲ್ಲ.

ಇನ್ನೊಂದು ವಿಷಯ, ಮಿಕ್ಸ್ಚರ್. ಸಣ್ಣ ವಿಮಾನಗಳ ಬಹುಪಾಲು ಎಂಜಿನ್‌ಗಳಲ್ಲಿ ಗಾಳಿಗೆ ಎಷ್ಟು ಪೆಟ್ರೋಲ್ ಬೆರಿಬೇಕು ಅನ್ನೋದನ್ನ ಪೈಲಟ್ ಒಂದು ಗುಂಡಿಯಿಂದ ಹೊಂದಿಸ್ತಾರೆ. ಮೇಲೆ ಗಾಳಿ ತೆಳು, ಹಾಗಾಗಿ ಪೆಟ್ರೋಲನ್ನೂ ಕಡಿಮೆ ಮಾಡಬೇಕು. ಒಂದೇ ವಿಮಾನ, ಒಂದೇ ವೇಗದ ಆಸುಪಾಸಿನಲ್ಲಿ, ಈ ಗುಂಡಿ ಎಲ್ಲಿದೆ ಅನ್ನೋದರ ಮೇಲೆ ಗಂಟೆಗೆ ಹಲವು ಲೀಟರ್ ವ್ಯತ್ಯಾಸ ಬರಬಹುದು. ಅದನ್ನೂ ಬರೆದಿಡಬೇಕು.

ಇನ್ನು ನನಗೆ ಬಹಳ ಇಷ್ಟವಾದ ಭಾಗ. ವೇಗಕ್ಕೆ ನಾವು ಎಷ್ಟು ಬೆಲೆ ಕೊಡ್ತೀವಿ?

ವೇಗ ಎರಡು ಪಟ್ಟಾದ್ರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತೆ, ಅದನ್ನ ಮೀರೋ ಎಂಜಿನ್ ಶಕ್ತಿ ಎಂಟು ಪಟ್ಟು ಬೇಕಾಗುತ್ತೆ. ಆದ್ರೆ ತೀರಾ ನಿಧಾನ ಹೋದ್ರೂ ಲಾಭ ಇಲ್ಲ. ನಿಧಾನಕ್ಕೆ ಹಾರೋ ರೆಕ್ಕೆ ಮೂತಿ ಎತ್ತಿ ಕಷ್ಟಪಟ್ಟು ತೂಕ ಹೊರಬೇಕು, ಅದರಿಂದ ಇನ್ನೊಂದು ಬಗೆಯ ತಡೆ ಹುಟ್ಟುತ್ತೆ. ನಡುವೆ ಎಲ್ಲೋ ಒಂದು ವೇಗದಲ್ಲಿ ಒಟ್ಟು ತಡೆ ಅತಿ ಕಡಿಮೆ. ಎಂಜಿನ್ ನಿಂತ್ರೆ ವಿಮಾನ ಅತಿ ದೂರ ತೇಲೋದು ಆ ವೇಗದಲ್ಲೇ. ಲೀಟರ್‌ಗೆ ಅತಿ ಹೆಚ್ಚು ಕಿ.ಮೀ. ಸಿಗೋದೂ ಅದರ ಹತ್ತಿರವೇ.

ಸಮಸ್ಯೆ ಏನಂದ್ರೆ ಅದು ಬೋರ್ ಹೊಡೆಸೋಷ್ಟು ನಿಧಾನ. ವಿಮಾನ ಕಟ್ಟಿ ಯಾರೂ ಹಾಗೆ ಹೋಗಲ್ಲ. ಅಮೆರಿಕದ ನೌಕಾ ಅಕಾಡೆಮಿಯಲ್ಲಿ ಬರ್ನಾರ್ಡ್ ಕಾರ್ಸನ್ ಅನ್ನೋ ಪ್ರಾಧ್ಯಾಪಕರು ಇದಕ್ಕೊಂದು ಲೆಕ್ಕ ಹಾಕಿದ್ರು. ಖರ್ಚು ಮಾಡೋ ಹೆಚ್ಚುವರಿ ಇಂಧನಕ್ಕೆ ಅತಿ ಹೆಚ್ಚು ವೇಗ ಸಿಗೋ ಜಾಗ ಯಾವುದು? ಉತ್ತರ: ಆ ಮಿತವ್ಯಯದ ವೇಗದ 1.316 ಪಟ್ಟು. ಆ ಜಾಗದಲ್ಲಿ ವೇಗ ಸುಮಾರು ಶೇ. 32 ಹೆಚ್ಚು, ಗಾಳಿಯ ತಡೆ ಮಾತ್ರ ಸುಮಾರು ಶೇ. 15ರಿಂದ 16 ಹೆಚ್ಚು. ಇದಕ್ಕೆ ಕಾರ್ಸನ್ ಸ್ಪೀಡ್ ಅಂತಾನೇ ಹೆಸರು ಬಂತು. ಅದಕ್ಕಿಂತ ಮುಂದೆ ಒತ್ತಿದ ಪ್ರತಿ ಕಿಲೋಮೀಟರ್‌ಗೂ ಬೆಲೆ ಏರ್ತಾ ಹೋಗುತ್ತೆ. ಕಾಮರ್ಸ್ ಓದಿದವರಿಗೆ ಇದು ಹಳೇ ಪರಿಚಯ, ಮಾರ್ಜಿನಲ್ ಕಾಸ್ಟ್.

ಒಂದು ಉದಾಹರಣೆ ಮಾಡೋಣ. ಇದು ನಾನೇ ಲೆಕ್ಕಕ್ಕೆ ಇಟ್ಕೊಂಡ ವಿಮಾನ. ಬಳಸಬಹುದಾದ ಇಂಧನ 100 ಲೀಟರ್. ಜೋರಾಗಿ ಹೋದ್ರೆ ಗಂಟೆಗೆ 300 ಕಿ.ಮೀ., 34 ಲೀಟರ್ ಖರ್ಚು. ಸ್ವಲ್ಪ ಇಳಿಸಿದ್ರೆ 260 ಕಿ.ಮೀ., 25 ಲೀಟರ್. ಹೋಗಬೇಕಾದ ದೂರ 780 ಕಿ.ಮೀ.

ಗಾಳಿ ಇಲ್ಲದ ದಿನ ಜೋರಾಗಿ ಹೋದ್ರೆ 2 ಗಂಟೆ 36 ನಿಮಿಷ, ಸುಮಾರು 88 ಲೀಟರ್. ಇಳಿಸಿ ಹೋದ್ರೆ 3 ಗಂಟೆ, 75 ಲೀಟರ್. ಅಂದ್ರೆ 24 ನಿಮಿಷಕ್ಕೆ 13 ಲೀಟರ್. ಮೈಲೇಜ್ ಲೀಟರ್‌ಗೆ 8.8ರಿಂದ 10.4ಕ್ಕೆ ಏರುತ್ತೆ.

ಅಷ್ಟೇನಾ ಅನ್ನಬೇಡಿ. ಎದುರುಗಾಳಿ ಗಂಟೆಗೆ 30 ಕಿ.ಮೀ. ಬಂತು ಅಂತಿಟ್ಕೊಳ್ಳಿ. ಜೋರಾಗಿ ಹೋದವರಿಗೆ 98 ಲೀಟರ್ ಬೇಕು. ಇಳಿಯುವಾಗ ಟ್ಯಾಂಕ್‌ನಲ್ಲಿ ಎರಡು ಲೀಟರ್‌ಗೂ ಕಡಿಮೆ, ಅಂದ್ರೆ ಮೂರು ನಿಮಿಷದ ಹಾರಾಟ. ಇಳಿಸಿ ಹೋದವರಿಗೆ 85 ಲೀಟರ್ ಸಾಕು, 15 ಲೀಟರ್ ಉಳಿಯುತ್ತೆ, ಅರ್ಧ ಗಂಟೆಗೂ ಮಿಗಿಲು. ಅಮೆರಿಕದ ನಿಯಮದಲ್ಲಿ, ಹಗಲಲ್ಲಿ ಕಣ್ಣಳತೆಯಲ್ಲಿ ಹಾರೋರು ಗುರಿ ತಲುಪಿದ ಮೇಲೂ ಕನಿಷ್ಠ 30 ನಿಮಿಷದ ಇಂಧನ ಉಳಿಯೋ ಹಾಗೆ ಯೋಜನೆ ಹಾಕಿಯೇ ಹೊರಡಬೇಕು. ಜೋರಿನವರು ನಡುವೆ ಇಳಿದು ತುಂಬಿಸಲೇಬೇಕು. ಇಳಿಯೋದು, ಪಂಪ್ ಹತ್ತಿರ ಹೋಗೋದು, ಬಿಲ್ಲು, ಮತ್ತೆ ಏರೋದು, 24 ನಿಮಿಷದಲ್ಲಿ ಮುಗಿಯೋ ಕೆಲಸ ಅಲ್ಲ. ನಿಧಾನದವರೇ ಮೊದಲು ಊಟಕ್ಕೆ ಕೂತಿರ್ತಾರೆ.

ಈಗ ಆ ಹೊಗಳೋ ಮೀಟರ್‌ಗೆ ವಾಪಸ್ ಬನ್ನಿ. 260 ಅಂತ ಅದು ಹೇಳ್ತಿದೆ, ನಿಜ 247 ಅಂತಿಟ್ಕೊಳ್ಳಿ. ಬರೀ ಶೇ. 5. ಅದೇ ಎದುರುಗಾಳಿಯಲ್ಲಿ ಉಳಿಯೋದು 15 ಅಲ್ಲ, 10 ಲೀಟರ್. ಅರ್ಧ ಗಂಟೆಯ ಮೀಸಲು ಅಂದ್ಕೊಂಡಿದ್ದು 24 ನಿಮಿಷ. ಅದರ ಮೇಲೆ ಇಂಧನ ಸೆನ್ಸರ್‌ನೂ ತಿದ್ದಿಲ್ಲ ಅಂದ್ರೆ? ಸಣ್ಣ ಸಣ್ಣ ಸುಳ್ಳುಗಳು ಒಂದೇ ಕಡೆಗೆ ಸೇರ್ತಾ ಹೋಗುತ್ತೆ. ಬೈಕ್ ಆದ್ರೆ ತಳ್ಕೊಂಡು ಬಂಕ್‌ವರೆಗೆ ಹೋಗಬಹುದು. ಮೇಲೆ ಬಂಕ್ ಇಲ್ಲ.

ಈ ಲೆಕ್ಕವನ್ನ ಕೊನೆಯ ಹನಿವರೆಗೂ ತಗೊಂಡು ಹೋದವರು ರುಟಾನ್ ಸಹೋದರರು. ಬರ್ಟ್ ರುಟಾನ್ ಕ್ಯಾಲಿಫೋರ್ನಿಯಾದ ಮೊಹಾವಿಯಲ್ಲಿದ್ದ ವಿನ್ಯಾಸಕ. ಅವರ ಲಾಂಗ್-ಇಝೀ ಅನ್ನೋ ವಿಮಾನ 1979ರಲ್ಲಿ ಮೊದಲು ಹಾರಿತು. ಫೋಮ್ ಮತ್ತು ಫೈಬರ್‌ಗ್ಲಾಸ್ ಮೈ, ಸಣ್ಣ ರೆಕ್ಕೆ ಮುಂದೆ, ಪ್ರೊಪೆಲ್ಲರ್ ಹಿಂದೆ. ನಕ್ಷೆ ಕೊಂಡು ಗ್ಯಾರೇಜ್‌ನಲ್ಲಿ ಕಟ್ಟಬಹುದಿತ್ತು. ಅದೇ ವರ್ಷ ಡಿಸೆಂಬರ್‌ನಲ್ಲಿ ಅಣ್ಣ ಡಿಕ್ ರುಟಾನ್, ಹೆಚ್ಚುವರಿ ಟ್ಯಾಂಕ್ ಹಾಕಿಸಿ, ಎಲ್ಲೂ ಇಳಿಯದೆ ಸುಮಾರು 7,700 ಕಿ.ಮೀ. ಹಾರಿದ್ರು. 33 ಗಂಟೆಗೂ ಮೀರಿ. ನಮಗೆ ಇದರಲ್ಲೊಂದು ನಂಟಿದೆ: ಬೆಂಗಳೂರಿನ ಎನ್‌ಎಎಲ್ 1980ರ ದಶಕದಲ್ಲಿ ಪ್ರಯೋಗಕ್ಕಾಗಿ ಕಟ್ಟಿ ಹಾರಿಸಿದ ಹಗುರ ವಿಮಾನ ಇದೇ ಲಾಂಗ್-ಇಝೀ ವಿನ್ಯಾಸದ್ದು. ಎನ್‌ಎಎಲ್‌ನ ಸ್ವಂತ ಎರಡು ಸೀಟಿನ ಹಂಸ ಆಮೇಲೆ, 1993ರಲ್ಲಿ ಹಾರಿತು.

1986ರ ಡಿಸೆಂಬರ್‌ನಲ್ಲಿ ಡಿಕ್ ರುಟಾನ್ ಮತ್ತು ಜೀನಾ ಯೇಗರ್, ಬರ್ಟ್ ವಿನ್ಯಾಸದ ವಾಯೇಜರ್ ವಿಮಾನದಲ್ಲಿ ಎಲ್ಲೂ ಇಳಿಯದೆ, ನಡುವೆ ಇಂಧನ ತುಂಬಿಸದೆ ಭೂಮಿ ಸುತ್ತಿ ಬಂದ್ರು. 9 ದಿನ, 3 ನಿಮಿಷ, 44 ಸೆಕೆಂಡು. ಹೊರಡುವಾಗ ಸುಮಾರು 3,180 ಕೆ.ಜಿ. ಇಂಧನ, ಇಳಿದಾಗ ಉಳಿದದ್ದು 48 ಕೆ.ಜಿ. ಶೇ. 1.5. ಸರಾಸರಿ ವೇಗ ಗಂಟೆಗೆ ಸುಮಾರು 186 ಕಿ.ಮೀ., ಅಂದ್ರೆ ನಮ್ಮ ಲೆಕ್ಕದ ವಿಮಾನಕ್ಕಿಂತಲೂ ನಿಧಾನ. ಬಹುಪಾಲು ದಾರಿ ಎರಡರಲ್ಲಿ ಒಂದು ಎಂಜಿನ್ ಆರಿಸಿಟ್ಟಿದ್ರು.

ಇದೇ ಲಾಂಗ್-ಇಝೀಯ ಇನ್ನೊಂದು ಕಥೆಯನ್ನೂ ಹೇಳಲೇಬೇಕು. ಕಂಟ್ರಿ ರೋಡ್ಸ್ ಹಾಡಿನ ಜಾನ್ ಡೆನ್ವರ್ ನಿಮಗೆ ಗೊತ್ತಿರಬಹುದು. ಅನುಭವಿ ಪೈಲಟ್ ಅವರು. 1997ರ ಅಕ್ಟೋಬರ್ 12ರಂದು, ಆಗಷ್ಟೇ ಕೊಂಡಿದ್ದ, ಬೇರೆಯವರು ಕಟ್ಟಿದ್ದ ಲಾಂಗ್-ಇಝೀಯಲ್ಲಿ ಹಾರುವಾಗ ಕ್ಯಾಲಿಫೋರ್ನಿಯಾದ ಮಾಂಟೆರೆ ಕೊಲ್ಲಿಗೆ ಬಿದ್ದು ತೀರಿಕೊಂಡರು. ತನಿಖಾ ಮಂಡಳಿಯ ವರದಿಯಲ್ಲಿ ಹಲವು ಕಾರಣಗಳಿವೆ. ಹೊರಡುವ ಮುಂಚೆ ಇಂಧನ ತುಂಬಿಸಿರಲಿಲ್ಲ. ಒಂದು ಟ್ಯಾಂಕ್‌ನಿಂದ ಇನ್ನೊಂದಕ್ಕೆ ಬದಲಾಯಿಸೋ ಹಿಡಿಕೆಯನ್ನ, ಕಟ್ಟಿದವರು ನಕ್ಷೆಯಲ್ಲಿದ್ದ ಜಾಗ ಬಿಟ್ಟು, ಪೈಲಟ್‌ನ ಎಡ ಭುಜದ ಹಿಂದೆ ಇಟ್ಟಿದ್ರು. ಇಂಧನ ಎಷ್ಟಿದೆ ಅಂತ ನೋಡೋ ಗಾಜಿನ ಅಳತೆಗೆ ಗುರುತುಗಳೇ ಇರಲಿಲ್ಲ. ಹಿಂದಕ್ಕೆ ತಿರುಗಿ ಹಿಡಿಕೆ ಹಿಡಿಯೋ ಪ್ರಯತ್ನದಲ್ಲಿ ವಿಮಾನದ ಹತೋಟಿ ತಪ್ಪಿತು ಅನ್ನೋದು ಮಂಡಳಿಯ ತೀರ್ಮಾನ.

ಗುರುತಿಲ್ಲದ ಆ ಗಾಜನ್ನ ಯೋಚಿಸಿ. ವಿನ್ಯಾಸದಲ್ಲಿ ಕೊರತೆ ಇರಲಿಲ್ಲ, ಇದೇ ವಿನ್ಯಾಸ 33 ಗಂಟೆ ಹಾರಿತ್ತು. ಇಲ್ಲದಿದ್ದದ್ದು ಇಷ್ಟೇ: ಸಮತಟ್ಟಾದ ನೆಲದಲ್ಲಿ ವಿಮಾನ ನಿಲ್ಲಿಸಿ, ಐದೈದು ಲೀಟರ್ ಸುರಿದು, ಪ್ರತಿ ಸಲ ಒಂದು ಗೆರೆ ಎಳೆಯೋ ಒಂದು ಬೆಳಗಿನ ಕೆಲಸ. ಆ ಗೆರೆಗಳಿದ್ದಿದ್ರೆ ಅವರು ಉಳೀತಿದ್ರು ಅಂತ ನಾನು ಹೇಳಲ್ಲ, ಹಾಗೆ ಹೇಳೋಕೆ ಬರಲ್ಲ. ಆದ್ರೆ ಟ್ಯಾಂಕ್ ಎಷ್ಟಿದೆ ಅಂತ ಊಹಿಸಬೇಕಾದ ಪರಿಸ್ಥಿತಿ ಕಡಿಮೆ ಆಗ್ತಿತ್ತು.

ಅದಕ್ಕೇ ಈ ಪರೀಕ್ಷೆಗಳನ್ನ "ನನ್ನ ವಿಮಾನ ಎಷ್ಟು ಫಾಸ್ಟ್" ಅಂತ ತೋರಿಸೋಕೆ ಮಾಡೋರಿಗೂ, "ನಾನು ಯಾವ ಅಂಕಿಯನ್ನ ನಂಬಬಹುದು" ಅಂತ ತಿಳಿಯೋಕೆ ಮಾಡೋರಿಗೂ ಅಜಗಜಾಂತರ. ಮೊದಲನೆಯವರಿಗೆ ಉತ್ತರ ದೊಡ್ಡದಿರಬೇಕು. ಎರಡನೆಯವರಿಗೆ ಉತ್ತರ ನಿಜ ಇರಬೇಕು, ಚಿಕ್ಕದಾದ್ರೂ ಪರವಾಗಿಲ್ಲ. 40 ಗಂಟೆ ಹಾರಿ, ಅಳೆದು, ಬರೆದು ಕೊನೆಗೆ ಕೈಗೆ ಬರೋದು ಅಂಗೈಯಗಲದ ಒಂದು ಕಾರ್ಡು. ಈ ಎತ್ತರ, ಈ ಆರ್‌ಪಿಎಂ, ಇಷ್ಟು ವೇಗ, ಇಷ್ಟು ಲೀಟರ್. ಸಂಜೆ ಕವೀತಾ ಇದ್ದಾಗ, ಎದುರುಗಾಳಿ ಜೋರಾದಾಗ, "ಮುಂದಿನ ಊರಿಗೆ ಹೋಗಲಾ, ಇಲ್ಲೇ ಇಳಿಯಲಾ" ಅನ್ನೋ ಪ್ರಶ್ನೆಗೆ ಆ ಕಾರ್ಡು ಉತ್ತರ ಕೊಡುತ್ತೆ. ಧೈರ್ಯದ ಮೇಲೆ ತೀರ್ಮಾನ ಬಿಡಬೇಕಾಗಿಲ್ಲ.

ನೀವು ಯಾರೂ ನಾಳೆನೇ ವಿಮಾನ ಕಟ್ಟಲ್ಲ ಅಂತ ಗೊತ್ತು. ಆದ್ರೂ ಈ ತಿಂಗಳು ಒಂದು ಕೆಲಸ ಮಾಡಿ. ನಿಮ್ಮ ಗಾಡಿಯ ಮೈಲೇಜನ್ನ ಪರದೆ ನೋಡದೆ, ಟ್ಯಾಂಕ್ ಟು ಟ್ಯಾಂಕ್ ಮೂರು ಸಲ ಲೆಕ್ಕ ಹಾಕಿ, ಒಂದೇ ಬಂಕ್, ಒಂದೇ ಗುರುತು. ಪರದೆ ಹೇಳಿದ್ದಕ್ಕೂ ನಿಮಗೆ ಸಿಕ್ಕಿದ್ದಕ್ಕೂ ಎಷ್ಟು ಅಂತರ ಅಂತ ವಾಯ್ಸ್ ನೋಟ್‌ನಲ್ಲಿ ಕಳಿಸಿ. ಬಂದದ್ದನ್ನೆಲ್ಲ ಸೇರಿಸಿ ಮುಂದಿನ ಸಂಚಿಕೆಯಲ್ಲಿ ಹೇಳ್ತೀನಿ, ಸರಾಸರಿ ಹೇಗೆ ತೆಗೆದೆ ಅನ್ನೋದನ್ನೂ ಸೇರಿಸಿ. ಸಿಗೋಣ, ನಮಸ್ಕಾರ.